ಶೇಕಡಾ 26 ಕಡಿಮೆಗೆ ಹಿಡಿದ ಕಾಲುಸಂಕ ಒಂದೇ ಮಳೆಗೆ ಏಕೆ ವಾಲಿತು?

ಮಾಸ್ತರ, ಶಿರಸಿ ಗ್ರಾಮಾಂತರ — ಏಪ್ರಿಲ್ 18

ನಮ್ಮೂರಿನ ಹಳ್ಳಕ್ಕೆ ಹೋದ ವರ್ಷ ಕಾಂಕ್ರೀಟ್ ಕಾಲುಸಂಕ, ಅಂದರೆ ನಡೆದು ದಾಟುವ ಕಿರುಸೇತುವೆ, ಕಟ್ಟಿದರು. ಹಳ್ಳದ ಆಚೆ ಹನ್ನೊಂದು ಮನೆಗಳಿವೆ, ಒಂಬತ್ತು ಮಕ್ಕಳು ಶಾಲೆಗೆ ಬರುತ್ತಾರೆ. ನಾನು ಆ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಪಾಠ ಮಾಡಿ ನಿವೃತ್ತನಾದವನು. ಮಳೆಗಾಲದಲ್ಲಿ ಅಡಿಕೆ ಮರದ ಸಂಕದ ಮೇಲೆ ಮಕ್ಕಳನ್ನು ಒಬ್ಬೊಬ್ಬರಾಗಿ ಕೈಹಿಡಿದು ದಾಟಿಸಿದವನು. ಹಾಗಾಗಿ ಸ್ಲ್ಯಾಬ್ ಹಾಕಿದ ದಿನ ಊರಿಗೆಲ್ಲ ಪಾಯಸ ಮಾಡಿಸಿದ್ದೆ.

ಜುಲೈ ಮೂರನೆಯ ವಾರದಲ್ಲಿ ಹಳ್ಳ ಏರಿತು. ನೀರು ಇಳಿದ ಮೇಲೆ ನೋಡಿದರೆ ಆಚೆ ದಡದ ಗೋಡೆ, ಎಂಜಿನಿಯರುಗಳು ಅಬಟ್‌ಮೆಂಟ್ ಎನ್ನುವುದು, ಕೆಳಹರಿವಿನ ಕಡೆಗೆ ವಾಲಿದೆ. ಸ್ಲ್ಯಾಬಿಗೂ ಗೋಡೆಗೂ ನಡುವೆ ಅಂಗೈ ತೂರುವಷ್ಟು ಬಿರುಕು. ಕೆಳಗಿನ ಮಣ್ಣು ಕೊಚ್ಚಿಹೋಗಿ ಅಡಿಪಾಯದ ಒಂದು ಮೂಲೆ ಗಾಳಿಯಲ್ಲಿ ನಿಂತಿದೆ.

ಮಾಹಿತಿ ಹಕ್ಕಿನಲ್ಲಿ ಕೆಲವು ಕಾಗದ ತರಿಸಿಕೊಂಡೆ. ಅಂದಾಜು ಮೊತ್ತ 14,00,000 ರೂಪಾಯಿ. ಏಳು ಜನ ಟೆಂಡರ್ ಹಾಕಿದ್ದಾರೆ. ಗೆದ್ದವರ ಮೊತ್ತ 10,34,600, ಅಂದರೆ ಶೇಕಡಾ 26.1 ಕಡಿಮೆ. ಟೆಂಡರ್ ಪ್ರಕಟಣೆ ಜನವರಿ 2ಕ್ಕೆ, ಸಲ್ಲಿಸಲು ಕೊನೆಯ ದಿನ ಜನವರಿ 9. ಕಾರ್ಯಾದೇಶ ಫೆಬ್ರವರಿ 27ಕ್ಕೆ. ಬಿಲ್ಲು ಪಾಸಾದದ್ದು ಮಾರ್ಚ್ 28ಕ್ಕೆ. ಆದರೆ ಸ್ಲ್ಯಾಬ್ ಹಾಕಿದ್ದು ಮೇ ತಿಂಗಳಲ್ಲಿ! ಪಾಯಸ ಮಾಡಿಸಿದವನು ನಾನೇ ಆದ್ದರಿಂದ ದಿನ ತಪ್ಪುವುದಿಲ್ಲ.

ಯಾರ ಮೇಲೂ ಹಗೆ ಸಾಧಿಸುವ ವಯಸ್ಸು ನನ್ನದಲ್ಲ. 14 ಲಕ್ಷದ ಕೆಲಸವನ್ನು 10 ಲಕ್ಷಕ್ಕೆ ಮಾಡುತ್ತೇನೆ ಎಂದು ಒಬ್ಬರು ಹೇಗೆ ಹೇಳುತ್ತಾರೆ, ಆಗಲಿ ಎಂದು ಇನ್ನೊಬ್ಬರು ಹೇಗೆ ಒಪ್ಪುತ್ತಾರೆ? ಬಲ್ಲವರು ತಿಳಿಸಿಕೊಡಿ.


ಗುತ್ತಿಗೆದಾರ, ಅಂಕೋಲಾ — ಏಪ್ರಿಲ್ 18

ಮಾಸ್ತರರೇ, ನಾನು ಹತ್ತೊಂಬತ್ತು ವರ್ಷದಿಂದ ಈ ಕೆಲಸದಲ್ಲಿ ಇದ್ದೇನೆ. ನಿಮಗೆ ಉತ್ತರ ಕೊಡಲು ನನಗೆ ನಾಚಿಕೆಯೂ ಇದೆ, ಹೇಳಲೇಬೇಕೆಂಬ ಹಟವೂ ಇದೆ.

ಅಂದಾಜು ಪಟ್ಟಿಯ ದರದಲ್ಲಿ ಗುತ್ತಿಗೆದಾರನ ಲಾಭವನ್ನು ಮೊದಲೇ ಸೇರಿಸಿರುತ್ತಾರೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರ ವಿಶ್ಲೇಷಣೆಯಲ್ಲಿ ಲಾಭ ಮತ್ತು ಮೇಲ್ವೆಚ್ಚ ಎರಡೂ ಸೇರಿ ಶೇಕಡಾ 15. ಅದನ್ನು ಪೂರ್ತಿ ಬಿಟ್ಟುಕೊಟ್ಟು ಧರ್ಮಕ್ಕೆ ಕೆಲಸ ಮಾಡಿದರೂ ಶೇಕಡಾ 26 ಕಡಿಮೆಗೆ ಮುಟ್ಟುವುದಿಲ್ಲ. ಉಳಿದದ್ದು ಎಲ್ಲಿಂದ ಬರಬೇಕು? ಸಿಮೆಂಟಿನ ಚೀಲ ಕಡಿಮೆಗೆ ಸಿಗುವುದಿಲ್ಲ. ಕಬ್ಬಿಣ ಕಡಿಮೆಗೆ ಸಿಗುವುದಿಲ್ಲ. ಕೂಲಿ ಆಳು ಕಡಿಮೆಗೆ ಬರುವುದಿಲ್ಲ, ಅದರಲ್ಲೂ ಘಟ್ಟದ ಮೇಲೆ ಅಡಿಕೆ ಕೊಯ್ಲಿನ ದಿನಗಳಲ್ಲಿ ಬರುವುದೇ ಇಲ್ಲ. ಹಾಗಾದರೆ ಉಳಿಯುವುದು ಕಣ್ಣಿಗೆ ಕಾಣದ ಜಾಗ. ನೆಲದ ಒಳಗೆ ಇರುವುದು.

ಅಷ್ಟು ಕಡಿಮೆಗೆ ಹಾಕುವವರೆಲ್ಲ ಕಳ್ಳರು ಎಂದು ತಿಳಿಯಬೇಡಿ. ನಾನೂ ಒಮ್ಮೆ ಶೇಕಡಾ 19 ಕಡಿಮೆಗೆ ಹಾಕಿದ್ದೆ. ಹಿಂದಿನ ಎರಡು ಕೆಲಸಗಳ ಬಿಲ್ಲು ಹದಿನಾಲ್ಕು ತಿಂಗಳಿಂದ ಬಂದಿರಲಿಲ್ಲ, ಜಲ್ಲಿ ಕೊಟ್ಟವನು ಬಾಗಿಲಿಗೆ ಬಂದು ಕೂರುತ್ತಿದ್ದ. ಹೊಸ ಕೆಲಸ ಹಿಡಿದರೆ ಅದರ ಮೊದಲ ಬಿಲ್ಲಿನಲ್ಲಿ ಹಳೆಯ ಸಾಲಕ್ಕೆ ಬಾಯಿ ಮುಚ್ಚಿಸಬಹುದು ಎಂಬ ಲೆಕ್ಕ. ಮನೆಯವಳ ಬಳೆ ಬ್ಯಾಂಕಿನಲ್ಲಿಟ್ಟು ಆ ಕೆಲಸವನ್ನು ಅಳತೆಗೆ ಸರಿಯಾಗಿ ಮುಗಿಸಿದೆ. ಬಳೆ ಬಿಡಿಸಿಕೊಳ್ಳಲು ಮೂರು ವರ್ಷ ಬೇಕಾಯಿತು. ಎಲ್ಲರ ಮನೆಯಲ್ಲೂ ಬಳೆ ಇರುವುದಿಲ್ಲ.


ಟಿಪ್ಪರ್ ಮಾಲೀಕ, ಹೊನ್ನಾವರ — ಏಪ್ರಿಲ್ 19

ಒಂದು ಮಾತು ಸೇರಿಸುತ್ತೇನೆ. ಶರಾವತಿ, ಅಘನಾಶಿನಿಯ ಮರಳಿಗೆ ಸಿಆರ್‌ಜೆಡ್ (ಕರಾವಳಿ ನಿಯಂತ್ರಣ ವಲಯ) ನಿಯಮದಿಂದಾಗಿ ಪ್ರತಿ ವರ್ಷವೂ ಪರವಾನಗಿಯ ಗೊಂದಲ ಇದ್ದದ್ದೇ. ಅಂದಾಜು ಪಟ್ಟಿಯಲ್ಲಿ ಮರಳಿನ ಸಾಗಣೆಯನ್ನು ಹತ್ತಿರದ ಜಾಗದಿಂದ ಹಿಡಿದಿರುತ್ತಾರೆ, ನಾವು ತರುವುದು ಅದರ ಎರಡರಷ್ಟು ಮೂರರಷ್ಟು ದೂರದಿಂದ. ಆಗ ಕೆಲವರು ಅಳಿವೆಯ ಹತ್ತಿರದ ಮರಳನ್ನು ರಾತ್ರಿ ತೆಗೆಸಿ ಹಾಕಿಬಿಡುತ್ತಾರೆ. ಅದರಲ್ಲಿ ಉಪ್ಪು. ಐದಾರು ವರ್ಷಕ್ಕೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಕರಾವಳಿಯ ಹಳೆಯ ಸರ್ಕಾರಿ ಕಟ್ಟಡಗಳ ಸಜ್ಜಾದ ಕೆಳಗೆ ನಿಂತು ನೋಡಿ, ಗೊತ್ತಾಗುತ್ತದೆ.


ನಿವೃತ್ತ ಎಂಜಿನಿಯರ್, ಕಾರವಾರ — ಏಪ್ರಿಲ್ 20

ಮೂವತ್ತೊಂದು ವರ್ಷ ಸರ್ಕಾರಿ ಕಾಮಗಾರಿಗಳ ಅಂದಾಜು ತಯಾರಿಸಿ, ಅಳತೆ ಬರೆದು, ಬಿಲ್ಲಿಗೆ ಸಹಿ ಹಾಕಿದವನು ನಾನು. ಗುತ್ತಿಗೆದಾರ ಮಿತ್ರರು ಹೇಳಿದ್ದು ಸತ್ಯ. ಆದರೆ ಟೆಂಡರ್ ತೆರೆಯುವ ಮೊದಲೇ ಆಗಿಹೋಗುವ ತಪ್ಪಿನ ಬಗ್ಗೆ ಯಾರೂ ಮಾತನಾಡುವುದಿಲ್ಲ. ಆ ತಪ್ಪು ನಮ್ಮದು, ಎಂಜಿನಿಯರುಗಳದ್ದು. ಅದನ್ನು ಬಿಡಿಸಿ ಹೇಳುತ್ತೇನೆ.

ಕಾಲುಸಂಕದ ಅಂದಾಜನ್ನು ಸ್ಥಳಕ್ಕೆ ಹೋಗಿ ತಯಾರಿಸಬೇಕು. ಹಳ್ಳದ ಅಗಲ, ಹೆಚ್ಚಿನ ನೆರೆಯ ಗುರುತು, ತಳದಲ್ಲಿ ಬಂಡೆ ಎಷ್ಟು ಆಳಕ್ಕೆ ಸಿಗುತ್ತದೆ, ನೀರು ನೇರವಾಗಿ ಬರುತ್ತದೆಯೋ ತಿರುವಿನಲ್ಲಿ ಬಂದು ಒಂದೇ ದಡಕ್ಕೆ ಬಡಿಯುತ್ತದೆಯೋ, ಇಷ್ಟನ್ನು ನೋಡಬೇಕು. ಊರಿನ ಹಿರಿಯರನ್ನು ಕೇಳಿದರೆ ನೆರೆಯ ಗುರುತನ್ನು ಮರದ ಬುಡದಲ್ಲಿ ಬೆರಳಿಟ್ಟು ತೋರಿಸುತ್ತಾರೆ. ವಾಸ್ತವದಲ್ಲಿ ಒಬ್ಬ ಸಹಾಯಕ ಎಂಜಿನಿಯರ್ ಕೈಯಲ್ಲಿ ಒಂದೇ ಹೊತ್ತಿಗೆ ಹತ್ತಾರು ಕಾಮಗಾರಿಗಳು. ಅನುದಾನದ ಪತ್ರ ಬಂದ ಮೂರು ದಿನದಲ್ಲಿ ಅಂದಾಜು ಕೇಳುತ್ತಾರೆ. ಆಗ ಬೇರೆ ಹಳ್ಳಕ್ಕೆ ಮಾಡಿದ ನಕ್ಷೆಯನ್ನೇ ತೆಗೆದು ಹೆಸರು ಬದಲಿಸುವುದು. ನಾನೂ ಮಾಡಿದ್ದೇನೆ. ಸಿದ್ದಾಪುರದ ಒಂದು ಹಳ್ಳದ ನಕ್ಷೆಯನ್ನು ಜೊಯಿಡಾದ ಹಳ್ಳಕ್ಕೆ ಹಾಕಿದ್ದೆ. ಅದು ಇವತ್ತಿಗೂ ನಿಂತಿದೆ, ಆದರೆ ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ, ತಳದಲ್ಲಿ ಬಂಡೆ ಇತ್ತು.

ಇನ್ನು ತಿಂಗಳುಗಳ ಲೆಕ್ಕ. ಸರ್ಕಾರದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಖರ್ಚಾಗದ ಅನುದಾನ ವಾಪಸ್ಸು ಹೋಗುತ್ತದೆ. ನಮ್ಮ ಜಿಲ್ಲೆಯಲ್ಲಿ ಹಳ್ಳದೊಳಗೆ ಕೆಲಸ ಮಾಡಲು ಯೋಗ್ಯವಾದ ಕಾಲ ಡಿಸೆಂಬರಿನಿಂದ ಮೇ ನಡುವಿನವರೆಗೆ. ಹಣ ಮಂಜೂರಾಗಿ, ಅಂದಾಜು ಆಗಿ, ಟೆಂಡರ್ ಆಗಿ ಕಾರ್ಯಾದೇಶ ಕೈಗೆ ಬರುವಾಗ ಫೆಬ್ರವರಿ ಕಳೆದಿರುತ್ತದೆ. ಕೆಲಸಕ್ಕೆ ಉಳಿಯುವುದು ಎರಡೂವರೆ ತಿಂಗಳು, ಬಿಲ್ಲಿಗೆ ಉಳಿಯುವುದು ಒಂದು ತಿಂಗಳು. ಮಾಸ್ತರರ ಊರಿನಲ್ಲಿ ಸ್ಲ್ಯಾಬ್ ಹಾಕುವ ಮೊದಲೇ ಬಿಲ್ಲು ಆದದ್ದಕ್ಕೆ ಇದೇ ಕಾರಣ ಇರಬೇಕು. ಕಾರಣ ಇದೆ ಎಂದರೆ ಸರಿ ಎಂದಲ್ಲ. ಆಗದ ಕೆಲಸವನ್ನು ಅಳತೆ ಪುಸ್ತಕದಲ್ಲಿ ಆಗಿದೆ ಎಂದು ಬರೆಯುವುದು ಸುಳ್ಳು ದಾಖಲೆ. ಹಾಗೊಮ್ಮೆ ಬರೆದ ಮೇಲೆ ಆ ಎಂಜಿನಿಯರಿಗೆ ಗುತ್ತಿಗೆದಾರನ ಮುಂದೆ ದನಿ ಎತ್ತುವ ನೈತಿಕ ಬಲ ಉಳಿಯುವುದಿಲ್ಲ. ಮೇ ತಿಂಗಳಲ್ಲಿ ಆತ ತೆಳ್ಳಗೆ ಕಾಂಕ್ರೀಟ್ ಕಲಸಿದರೂ ಇವನು ಸುಮ್ಮನೆ ನಿಂತು ನೋಡಬೇಕು.

ಸಮುದ್ರದ ಬದಿಯ ಕೆಲಸಗಳಿಗೆ ಇನ್ನೂ ಒಂದು ತೊಡಕು. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಕರಾವಳಿಯ ಗಾಳಿಗೆ ಒಡ್ಡಿದ ಕಬ್ಬಿಣದ ಕಾಂಕ್ರೀಟನ್ನು ತೀವ್ರ ವರ್ಗಕ್ಕೆ ಸೇರಿಸುತ್ತದೆ. ಗಟ್ಟಿತನದಲ್ಲಿ ಕನಿಷ್ಠ ಎಂ-30 ದರ್ಜೆ, ಘನ ಮೀಟರಿಗೆ ಕನಿಷ್ಠ 320 ಕಿಲೋ ಸಿಮೆಂಟ್, ಕಬ್ಬಿಣದ ಮೇಲೆ 45 ಮಿಲಿಮೀಟರ್ ಹೊದಿಕೆ ಬೇಕು. ಒಳನಾಡಿನ ನಕ್ಷೆಯನ್ನು ತಂದು ಮಾಜಾಳಿಯಲ್ಲೋ ಬೈತಖೋಲದಲ್ಲೋ ಹಾಕಿದರೆ ಟೆಂಡರ್ ಎಷ್ಟೇ ಪ್ರಾಮಾಣಿಕವಾಗಿ ನಡೆದರೂ ಕಟ್ಟಡದ ಆಯುಷ್ಯ ಅರ್ಧವಾಗುತ್ತದೆ.


ಕೋಡಿಬಾಗ ನಿವಾಸಿ, ಕಾರವಾರ — ಏಪ್ರಿಲ್ 20

2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದಾಗ ನಾನು ದಡಕ್ಕೆ ಓಡಿದವರಲ್ಲಿ ಒಬ್ಬ. ಲಾರಿಯೊಂದು ನೀರಿಗೆ ಬಿದ್ದಿತ್ತು, ಚಾಲಕ ಬದುಕಿ ಬಂದದ್ದು ನಮ್ಮ ಪುಣ್ಯ. ಮೂರು ವಾರ ಮೊದಲಷ್ಟೇ, ಜುಲೈ 16ಕ್ಕೆ, ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಕುಸಿದಿತ್ತು. ನಾವು ಈ ಜಿಲ್ಲೆಯವರು ಸೇತುವೆ, ರಸ್ತೆ ಎಂದರೆ ಈಗ ಎದೆ ಗಟ್ಟಿ ಮಾಡಿಕೊಂಡೇ ದಾಟುತ್ತೇವೆ. ಎಲ್ಲದಕ್ಕೂ ಮೂಲ ಈ ಕಡಿಮೆ ದರದ ಟೆಂಡರೇ ಅಲ್ಲವೇ?


ನಿವೃತ್ತ ಎಂಜಿನಿಯರ್, ಕಾರವಾರ — ಏಪ್ರಿಲ್ 20

ನಿಮ್ಮ ನೋವು ನನ್ನದೂ ಹೌದು, ಆದರೆ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ಕಾಳಿಯ ಹಳೆಯ ಸೇತುವೆ ನಾಲ್ಕು ದಶಕ ದುಡಿದದ್ದು. ಅಲ್ಲಿ ಕೇಳಬೇಕಾದದ್ದು ಅದನ್ನು ಕಟ್ಟಿದ ದರವನ್ನಲ್ಲ, ನಂತರ ಅದನ್ನು ಯಾರು ಎಷ್ಟು ಸಲ ಕೆಳಗಿಳಿದು ಪರೀಕ್ಷಿಸಿದರು ಎಂಬುದನ್ನು. ಗುಡ್ಡದ ವಿಷಯದಲ್ಲಿ ಕೇಳಬೇಕಾದದ್ದು ಇಳಿಜಾರನ್ನು ಎಷ್ಟು ಕಡಿದಾಗಿ ಕತ್ತರಿಸಿದರು, ನೀರಿಗೆ ದಾರಿ ಬಿಟ್ಟರೇ ಎಂದು. ಹೊಸದನ್ನು ಕಟ್ಟಲು ನಾವು ಟೆಂಡರ್ ಕರೆಯುತ್ತೇವೆ, ಶಂಕುಸ್ಥಾಪನೆ ಮಾಡುತ್ತೇವೆ. ಸೇತುವೆಯ ಬೇರಿಂಗ್ ಸ್ವಚ್ಛ ಮಾಡಲು, ನೀರಿನ ಕೊಳವೆಯ ಕಸ ತೆಗೆಯಲು ಹಣ ಕೇಳಿದರೆ ಕಡತ ಮೇಜಿನಿಂದ ಮೇಜಿಗೆ ತಿರುಗುತ್ತದೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಾದರೆ ಐದು ವರ್ಷದ ನಿರ್ವಹಣೆಯನ್ನು ಅದೇ ಗುತ್ತಿಗೆಯಲ್ಲಿ ಸೇರಿಸಿದ್ದಾರೆ. ಕಟ್ಟಿದವನೇ ಐದು ವರ್ಷ ನೋಡಿಕೊಳ್ಳಬೇಕು. ಅದೇ ಪದ್ಧತಿ ಕಾಲುಸಂಕಗಳಿಗೂ ಬರಲಿ ಎಂದು ನಾನು ಸೇವೆಯಲ್ಲಿದ್ದಾಗ ಎರಡು ಸಲ ಬರೆದಿದ್ದೆ.


ವಕೀಲೆ, ಕುಮಟಾ — ಏಪ್ರಿಲ್ 21

ಕಾನೂನಿನ ಬಗ್ಗೆ ಸ್ವಲ್ಪ ಹೇಳುತ್ತೇನೆ, ಮಾಸ್ತರರಿಗೆ ಉಪಯೋಗವಾಗಬಹುದು.

ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999ರದ್ದು, ನಿಯಮಗಳು 2000ದವು. ಇದಕ್ಕಿಂತ ಮೊದಲು ಮುಚ್ಚಿದ ಲಕೋಟೆ, ಮುಚ್ಚಿದ ಬಾಗಿಲು. ಟೆಂಡರ್ ಅರ್ಜಿ ನಮೂನೆ ಕೇಳಲು ಹೋದವನನ್ನು ಕಚೇರಿಯ ಮೆಟ್ಟಿಲಲ್ಲೇ ತಡೆದು ಕಳಿಸುತ್ತಿದ್ದರೆಂದು ನಮ್ಮ ತಂದೆ ಹೇಳುತ್ತಿದ್ದರು. ಈ ಕಾನೂನು, ಆಮೇಲೆ 2007ರಿಂದ ಬಂದ ಇ-ಸಂಗ್ರಹಣೆ, ಆ ಬಾಗಿಲನ್ನು ತೆರೆದವು. ಅದನ್ನು ಮರೆಯಬಾರದು.

ಮೂಲ ನಿಯಮದಲ್ಲಿ ಎರಡು ಕೋಟಿವರೆಗಿನ ಟೆಂಡರಿಗೆ ಕನಿಷ್ಠ 30 ದಿನ, ಅದಕ್ಕೆ ಮೇಲ್ಪಟ್ಟು 60 ದಿನ ಕಾಲಾವಕಾಶ ಕೊಟ್ಟಿದ್ದರು. ಕಡಿಮೆ ಮಾಡಬೇಕಾದರೆ ಮೇಲಿನ ಅಧಿಕಾರಿ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು. ನಿಮ್ಮ ಸಂಕಕ್ಕೆ ಕೊಟ್ಟದ್ದು ಏಳೇ ದಿನ. ಆ ಕಾರಣದ ಟಿಪ್ಪಣಿಯ ಪ್ರತಿ ಕೇಳಿ. ಎಷ್ಟೋ ಕಡತಗಳಲ್ಲಿ 'ಕಾಮಗಾರಿ ತುರ್ತಾಗಿರುವುದರಿಂದ' ಎಂಬ ಒಂದೇ ಸಾಲು ಇರುತ್ತದೆ. ಅದೇ ತುರ್ತು ಕಾಮಗಾರಿಗೆ ಕಾರ್ಯಾದೇಶ ಕೊಡಲು ಏಳು ವಾರ ತೆಗೆದುಕೊಂಡಿದ್ದಾರೆ!

ಇನ್ನು, ಅತಿ ಕಡಿಮೆ ದರದವನಿಗೇ ಕೊಡಬೇಕೆಂದು ಕಣ್ಣು ಮುಚ್ಚಿ ಹೇಳುವ ಕಾನೂನು ಇಲ್ಲ. 1994ರ ಟಾಟಾ ಸೆಲ್ಯುಲರ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಕಡಿಮೆ ದರದ್ದೇ ಇರಲಿ ಬೇರೆ ಯಾವುದೇ ಇರಲಿ, ಟೆಂಡರನ್ನು ನಿರಾಕರಿಸುವ ಅಧಿಕಾರ ಸರ್ಕಾರಕ್ಕೆ ಇದೆ, ಆದರೆ ಅದು ಮನಸೋ ಇಚ್ಛೆಯಾಗಿರಬಾರದು ಎಂದಿದೆ. ರಾಜ್ಯದ ಕೆಡಬ್ಲ್ಯು-4 ಮಾದರಿ ಟೆಂಡರ್ ದಾಖಲೆಯಲ್ಲಿ, ದರ ಅಂದಾಜಿಗೆ ತೀರಾ ಹೊಂದದಿದ್ದರೆ ಗುತ್ತಿಗೆದಾರನಿಂದ ದರ ವಿಶ್ಲೇಷಣೆ ಕೇಳಬಹುದು, ಭದ್ರತಾ ಠೇವಣಿ ಹೆಚ್ಚಿಸಬಹುದು ಎಂದಿದೆ. ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರ್ 29ರ ಸೂಚನೆಯಲ್ಲಿ, ಗುಣಮಟ್ಟಕ್ಕೂ ಅಂಕ ಕೊಟ್ಟು ಆಯ್ಕೆ ಮಾಡುವ ಪದ್ಧತಿಯನ್ನು ಕಾಮಗಾರಿಗಳಿಗೂ ಕೆಲವು ಷರತ್ತಿನ ಮೇಲೆ ತೆರೆದಿಟ್ಟಿತು, ಗುಣಮಟ್ಟದ ಪಾಲು ಶೇಕಡಾ 30 ಮೀರಬಾರದೆಂದು ಮಿತಿ ಹಾಕಿತು. ಅಂದರೆ ದಾರಿಗಳಿವೆ. ಅಧಿಕಾರಿಗಳು ಆ ದಾರಿಯಲ್ಲಿ ಹೋಗಲು ಹೆದರುತ್ತಾರೆ, ಕಡಿಮೆ ದರದವನನ್ನು ಬಿಟ್ಟರೆ ನಾಳೆ ಲೆಕ್ಕಪರಿಶೋಧನೆಯ ಆಕ್ಷೇಪ, ನಾಡಿದ್ದು ಲೋಕಾಯುಕ್ತಕ್ಕೆ ದೂರು. ಕಡಿಮೆಗೆ ಕೊಟ್ಟು ಸಂಕ ಬಿದ್ದರೆ ಮಳೆಯ ಮೇಲೆ ಹೊರಿಸಬಹುದು.


ಗುತ್ತಿಗೆದಾರ, ಅಂಕೋಲಾ — ಏಪ್ರಿಲ್ 21

ವಕೀಲರೇ, ಕೊನೆಯ ಎರಡು ವಾಕ್ಯ ನೂರಕ್ಕೆ ನೂರು ಸರಿ.

ಬಾಗಿಲು ತೆರೆಯಿತು ಎಂದಿರಲ್ಲ, ಅದಕ್ಕೆ ಕಿಟಕಿಯಿಂದ ಬರುವ ಉಪಾಯಗಳನ್ನೂ ಹೇಳುತ್ತೇನೆ. ಟೆಂಡರ್ ಕಂಪ್ಯೂಟರಿನಲ್ಲೇ ಸಲ್ಲಿಸಬೇಕು, ಯಾರು ಹಾಕಿದ್ದಾರೆಂದು ತೆರೆಯುವವರೆಗೆ ಯಾರಿಗೂ ಗೊತ್ತಾಗಬಾರದು. ಆದರೆ ಪ್ರಕಟಣೆಯ ಒಂದು ಮೂಲೆಯಲ್ಲಿ 'ಸ್ಥಳ ಪರಿಶೀಲಿಸಿದ ಬಗ್ಗೆ ಕಚೇರಿಯಿಂದ ಪ್ರಮಾಣಪತ್ರ ಪಡೆಯತಕ್ಕದ್ದು' ಎಂದು ಬರೆದಿರುತ್ತಾರೆ. ಪ್ರಮಾಣಪತ್ರಕ್ಕೆ ಹೋದವರ ಹೆಸರು ಸಂಜೆಯೊಳಗೆ ಬೇಕಾದವರಿಗೆ ಮುಟ್ಟುತ್ತದೆ. ರಾತ್ರಿ ಫೋನು ಬರುತ್ತದೆ: 'ಇದು ನಮ್ಮದು, ಮುಂದಿನದು ನಿನಗೆ.' ಒಪ್ಪಿದರೆ ನಾವು ಜೊತೆಗಾರನಾಗಿ ಹೆಚ್ಚಿನ ದರಕ್ಕೆ ಟೆಂಡರ್ ಹಾಕಿ ಸ್ಪರ್ಧೆ ನಡೆದಂತೆ ತೋರಿಸಬೇಕು. ಡಾಂಬರು ಕೆಲಸವಾದರೆ ಇಂತಿಷ್ಟು ಕಿಲೋಮೀಟರಿನೊಳಗೆ ಸ್ವಂತ ಮಿಶ್ರಣ ಘಟಕ ಇರಬೇಕೆಂಬ ಷರತ್ತು, ಆ ಸುತ್ತಳತೆಯೊಳಗೆ ಘಟಕ ಇರುವುದು ಒಬ್ಬರದ್ದೇ.

ಹಾಗಾಗಿ ಜನರು ಎರಡು ಅಂಕಿಗಳನ್ನು ಗಮನಿಸಬೇಕು. ಎಲ್ಲ ಕಡೆ ಅಂದಾಜಿಗಿಂತ ಶೇಕಡಾ ನಾಲ್ಕೂವರೆ, ಐದು ಹೆಚ್ಚಿಗೆ ಟೆಂಡರ್ ಹೋಗುತ್ತಿದ್ದರೆ ಅಲ್ಲಿ ಒಳಗೊಳಗೆ ಹಂಚಿಕೊಂಡಿದ್ದಾರೆ. ಶೇಕಡಾ 20, 25 ಕಡಿಮೆಗೆ ಹೋಗುತ್ತಿದ್ದರೆ ಅಲ್ಲಿ ಹಂಚಿಕೆ ಮುರಿದು ಹಸಿದವರು ನುಗ್ಗಿದ್ದಾರೆ. ಎರಡರಲ್ಲೂ ಊರಿಗೆ ಸಿಗುವುದು ಕಳಪೆ ಕೆಲಸವೇ.

ಮತ್ತೆ ಪ್ಯಾಕೇಜ್! ಹತ್ತು ಊರಿನ ಹತ್ತು ಸಂಕಗಳನ್ನು ಒಟ್ಟು ಕಟ್ಟಿ ಒಂದೇ ದೊಡ್ಡ ಟೆಂಡರ್ ಮಾಡುತ್ತಾರೆ. ನಮ್ಮಂಥವರಿಗೆ ಅಷ್ಟು ವಾರ್ಷಿಕ ವಹಿವಾಟು ಎಲ್ಲಿದೆ? ಘಟ್ಟದ ಆಚೆಯ ದೊಡ್ಡ ಗುತ್ತಿಗೆದಾರ ಹಿಡಿಯುತ್ತಾನೆ, ಆಮೇಲೆ ಅದನ್ನೇ ತುಂಡು ತುಂಡು ಮಾಡಿ ನಮಗೇ ಬಾಯಿಮಾತಿನಲ್ಲಿ ಕೊಡುತ್ತಾನೆ. ಅವನ ಪಾಲು ಮೊದಲೇ ಕಡಿತ. ಅವನು ಹಳ್ಳವನ್ನು ಒಮ್ಮೆಯೂ ನೋಡಿರುವುದಿಲ್ಲ.


ಪಂಚಾಯಿತಿ ಸದಸ್ಯೆ, ಯಲ್ಲಾಪುರ — ಏಪ್ರಿಲ್ 22

ಅಣ್ಣಾ, ನೀವು ಒಟ್ಟು ಕಟ್ಟುವುದನ್ನು ಹೇಳಿದಿರಿ, ನಾನು ಕತ್ತರಿಸುವುದನ್ನು ನೋಡಿದ್ದೇನೆ. ಐದು ಲಕ್ಷದೊಳಗಿನ ಕಾಮಗಾರಿಗೆ ಟೆಂಡರ್ ಬೇಕಿಲ್ಲ ಎಂಬ ಮಿತಿ ಇದೆಯಲ್ಲ, ಅದಕ್ಕೆ ಸರಿಯಾಗಿ ಒಂದೇ ರಸ್ತೆಯನ್ನು 'ಗಣಪತಿ ದೇವಸ್ಥಾನದಿಂದ ಆಲದ ಮರದವರೆಗೆ', 'ಆಲದ ಮರದಿಂದ ಮೋರಿಯವರೆಗೆ', 'ಮೋರಿಯಿಂದ ಶಾಲೆಯವರೆಗೆ' ಎಂದು ನಾಲ್ಕು ಲಕ್ಷ ತೊಂಬತ್ತು ಸಾವಿರದ ಮೂರು ಕಾಮಗಾರಿ ಮಾಡುತ್ತಾರೆ. ಮೂರಕ್ಕೂ ಒಬ್ಬನೇ. ಸಭೆಯಲ್ಲಿ ಪ್ರಶ್ನೆ ಕೇಳಿದ್ದಕ್ಕೆ 'ಅಕ್ಕಾ, ಕೆಲಸ ಬೇಕೋ ಬೇಡವೋ' ಎಂದರು. ಇದು ಬೆದರಿಕೆಯೇ, ಬೇರೆ ಹೆಸರು ಅದಕ್ಕಿಲ್ಲ.

ಇನ್ನೊಂದು ದಾರಿ ಪಾರದರ್ಶಕತೆ ಕಾಯಿದೆಯ 4(ಜಿ). ತುರ್ತು ಎಂದು ಹೇಳಿ ಟೆಂಡರಿನಿಂದ ವಿನಾಯಿತಿ ಪಡೆದು ಸರ್ಕಾರದ್ದೇ ಸಂಸ್ಥೆಗಳಿಗೆ ನೇರವಾಗಿ ಕೊಡುವುದು. 2021ರ ಜುಲೈ ನೆರೆಯಲ್ಲಿ ನಮ್ಮ ತಾಲ್ಲೂಕಿನ ಗುಳ್ಳಾಪುರದ ಸೇತುವೆ ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿರಬೇಕು. ಹೊಳೆಯ ಆಚೆ ಬಸುರಿ ಹೆಂಗಸರು, ಡಯಾಲಿಸಿಸ್‌ಗೆ ಹೋಗುವವರು ಸಿಕ್ಕಿಬಿದ್ದ ದಿನಗಳಲ್ಲಿ ಮೂವತ್ತು ದಿನದ ಟೆಂಡರಿಗೆ ಕಾಯಿರಿ ಎನ್ನಲು ನನಗೂ ಬಾಯಿ ಬರಲಿಲ್ಲ. ಅಂಥ ಹೊತ್ತಿಗೆ ವಿನಾಯಿತಿ ಬೇಕೇ ಬೇಕು. ಆದರೆ ಸಮುದಾಯ ಭವನಕ್ಕೆ ಬಣ್ಣ ಹೊಡೆಯುವುದೂ ತುರ್ತಾದರೆ ನಾವು ಯಾರನ್ನು ನಂಬಬೇಕು?


ಡಿಪ್ಲೊಮಾ ಸಿವಿಲ್, ಹಳಿಯಾಳ — ಏಪ್ರಿಲ್ 22

ನಾನು ಸಿದ್ದಿ ಸಮುದಾಯದವನು, ನಮ್ಮ ಮನೆತನದಲ್ಲಿ ಮೊದಲ ಗುತ್ತಿಗೆದಾರ. ಪಾರದರ್ಶಕತೆ ಕಾಯಿದೆಯ 2017ರ ತಿದ್ದುಪಡಿಯಲ್ಲಿ 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇಕಡಾ 17.15, ಪರಿಶಿಷ್ಟ ಪಂಗಡಕ್ಕೆ ಶೇಕಡಾ 6.95 ಮೀಸಲು ಬಂತು. ಮಿತಿಯನ್ನು ಆಮೇಲೆ ಒಂದು ಕೋಟಿಗೆ ಏರಿಸಿದರು. ಅದಿಲ್ಲದಿದ್ದರೆ ನನಗೆ ಮೊದಲ ಕೆಲಸ ಸಿಗುತ್ತಲೇ ಇರಲಿಲ್ಲ. ಪರವಾನಗಿ ಕೈಗೆ ಬಂದ ವಾರದಲ್ಲೇ ಒಬ್ಬರು ಮನೆಗೆ ಬಂದರು. 'ನಿನ್ನ ಹೆಸರಿನಲ್ಲಿ ನಾವು ಕೆಲಸ ಮಾಡುತ್ತೇವೆ, ನೀನು ಸಹಿ ಹಾಕು, ಶೇಕಡಾ ಎರಡು ಮನೆಗೆ ಬರುತ್ತದೆ' ಎಂದರು. ಅವ್ವ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ನನ್ನ ಜೊತೆ ಓದಿದ ಇಬ್ಬರು ಒಪ್ಪಿದರು. ಅವರನ್ನು ಬಯ್ಯಲಾರೆ. ಬ್ಯಾಂಕು ಬಂಡವಾಳ ಕೊಡದಿದ್ದರೆ ಮೀಸಲು ಕಾಗದದಲ್ಲೇ ಉಳಿಯುತ್ತದೆ.

2022ರ ಜುಲೈ 18ರಿಂದ ಸರ್ಕಾರಿ ಕಾಮಗಾರಿಯ ಜಿಎಸ್‌ಟಿ ಶೇಕಡಾ 12ರಿಂದ 18ಕ್ಕೆ ಏರಿತು. ತೆರಿಗೆ ಸೇರಿಸಿ ಒಪ್ಪಂದ ಮಾಡಿಕೊಂಡಿದ್ದ ಸಣ್ಣವರು ಕಟ್ಟಿದ ನಷ್ಟ ಇಲ್ಲಿ ಬಹಳ ಜನರಿಗೆ ತಿಳಿದಿಲ್ಲ.

ಮಾಸ್ತರರೇ, ನಿಮ್ಮ ಅಂದಾಜು ಪಟ್ಟಿಯಲ್ಲಿ ಅಡಿಪಾಯದ ಅಳತೆ ಎಷ್ಟಿದೆ? ಅದನ್ನು ಇಲ್ಲಿ ಹಾಕಿ.


ಮಾಸ್ತರ, ಶಿರಸಿ ಗ್ರಾಮಾಂತರ — ಏಪ್ರಿಲ್ 22

ನಿಮ್ಮ ಅವ್ವನಿಗೆ ನನ್ನ ನಮಸ್ಕಾರ ತಿಳಿಸು, ತಮ್ಮಾ.

ಅಡಿಪಾಯ ಎರಡು ಕಡೆಯೂ ಒಂದೇ ಅಳತೆ: 4 ಮೀಟರ್ ಉದ್ದ, 1.5 ಮೀಟರ್ ಅಗಲ, 1.8 ಮೀಟರ್ ಆಳ.


ಡಿಪ್ಲೊಮಾ ಸಿವಿಲ್, ಹಳಿಯಾಳ — ಏಪ್ರಿಲ್ 22

ಒಂದೊಂದು ಕಡೆ 10.8 ಘನ ಮೀಟರ್, ಎರಡೂ ಸೇರಿ 21.6. ಈಗ ಹಳ್ಳ ಬತ್ತಿದೆ, ಮೂಲೆ ತೆರೆದಿದೆ ಎಂದಿರಿ. ಮಳೆ ಬರುವ ಮೊದಲೇ ಆಳ ಅಳೆಯಬೇಕು. ಆದರೆ ನೀವೊಬ್ಬರೇ ಅಳೆದರೆ ಅದಕ್ಕೆ ಬೆಲೆ ಇರುವುದಿಲ್ಲ.


ವಕೀಲೆ, ಕುಮಟಾ — ಏಪ್ರಿಲ್ 23

ಅದಕ್ಕೆ ದಾರಿ ಇದೆ. ಮಾಹಿತಿ ಹಕ್ಕು ಅಧಿನಿಯಮ 2005ರ ಕಲಂ 2(ಜೆ) ಓದಿ. ಮಾಹಿತಿ ಹಕ್ಕು ಎಂದರೆ ಕಾಗದದ ಪ್ರತಿ ಮಾತ್ರ ಅಲ್ಲ. ಕಾಮಗಾರಿಯನ್ನು ಪರಿಶೀಲಿಸುವ ಹಕ್ಕು, ದಾಖಲೆಯಿಂದ ಟಿಪ್ಪಣಿ ಮಾಡಿಕೊಳ್ಳುವ ಹಕ್ಕು, ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕು, ಎಲ್ಲವೂ ಅದರಲ್ಲಿವೆ. ಹತ್ತು ರೂಪಾಯಿ ಶುಲ್ಕದ ಅರ್ಜಿಯಲ್ಲಿ ಹೀಗೆ ಬರೆಯಿರಿ: ಕಾಮಗಾರಿಯ ಅಳತೆ ಪುಸ್ತಕದ ಸಂಬಂಧಿತ ಪುಟಗಳ ದೃಢೀಕೃತ ಪ್ರತಿ, ಅಡಿಪಾಯ ಮುಚ್ಚುವ ಮೊದಲು ತೆಗೆದ ಅಳತೆ ಮತ್ತು ಛಾಯಾಚಿತ್ರ, ಕಾಂಕ್ರೀಟ್ ಕ್ಯೂಬ್ ಪರೀಕ್ಷೆಯ ವರದಿ, ದೋಷ ಹೊಣೆಗಾರಿಕೆ ಅವಧಿಯ (ಕೆಟ್ಟರೆ ಗುತ್ತಿಗೆದಾರನೇ ಸರಿಪಡಿಸಿಕೊಡಬೇಕಾದ ಅವಧಿ) ಷರತ್ತು, ಮತ್ತು ಅಧಿಕಾರಿಗಳ ಸಮಕ್ಷಮ ಕಾಮಗಾರಿಯ ಸ್ಥಳ ಪರಿಶೀಲನೆಗೆ ದಿನಾಂಕ. 30 ದಿನದೊಳಗೆ ಉತ್ತರ ಬರಬೇಕು, ಬಾರದಿದ್ದರೆ ಮೊದಲ ಮೇಲ್ಮನವಿ.

ಟೆಂಡರ್ ಅಂಗೀಕಾರದ ವಿರುದ್ಧ ಪಾರದರ್ಶಕತೆ ಕಾಯಿದೆಯ ಕಲಂ 16ರಲ್ಲಿ 30 ದಿನದೊಳಗೆ ಮೇಲ್ಮನವಿಗೆ ಅವಕಾಶ ಇದೆ, ಆದರೆ ಅದು ನೊಂದ ಟೆಂಡರುದಾರರಿಗೆ. ಊರಿನವರಿಗೆ ಈ ಮಾಹಿತಿ ಹಕ್ಕೇ ಆಯುಧ. ಅಂಕೋಲೆಯ ಗುತ್ತಿಗೆದಾರರು ಹೇಳಿದ ಹಂಚಿಕೆಯ ವಿಷಯಕ್ಕೆ ಸ್ಪರ್ಧಾ ಅಧಿನಿಯಮ 2002ರ ಕಲಂ 3(3)(ಡಿ) ಇದೆ. ಒಳಸಂಚು ಮಾಡಿ ಟೆಂಡರ್ ಹಾಕುವುದು ಅಲ್ಲಿ ನಿಷಿದ್ಧ. ತಾನಾಗಿ ಮುಂದೆ ಬಂದು ಗುಟ್ಟು ಬಿಚ್ಚಿಟ್ಟವನಿಗೆ ದಂಡದಲ್ಲಿ ರಿಯಾಯಿತಿಯೂ ಉಂಟು.


ಗುತ್ತಿಗೆದಾರ, ಅಂಕೋಲಾ — ಏಪ್ರಿಲ್ 23

ಆ ರಿಯಾಯಿತಿ ತೆಗೆದುಕೊಂಡವನಿಗೆ ಈ ಜಿಲ್ಲೆಯಲ್ಲಿ ಮತ್ತೆ ಯಾರು ಕೆಲಸ ಕೊಡುತ್ತಾರೆ, ವಕೀಲರೇ? 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘವೇ ಶೇಕಡಾ 40ರ ಕಮಿಷನ್ ಆರೋಪ ಮಾಡಿ ಪ್ರಧಾನಿಗೆ ಪತ್ರ ಬರೆಯಿತು. ಸಂಘವಾಗಿ ಬರೆಯುವುದು ಸಾಧ್ಯ. ಒಬ್ಬೊಬ್ಬನಾಗಿ ಹೆಸರು ಕೊಡುವುದು, ಮಕ್ಕಳನ್ನು ಓದಿಸುತ್ತಿರುವ ಮನುಷ್ಯನಿಗೆ ಬಹಳ ಕಷ್ಟ. ಇದು ನನ್ನ ದೌರ್ಬಲ್ಯ ಎಂದು ಬೇಕಾದರೆ ಹೇಳಿ, ಒಪ್ಪುತ್ತೇನೆ.


ನಿವೃತ್ತ ಎಂಜಿನಿಯರ್, ಕಾರವಾರ — ಏಪ್ರಿಲ್ 24

ದೌರ್ಬಲ್ಯ ಎನ್ನುವುದಿಲ್ಲ. ನನಗೆ ಪಿಂಚಣಿ ಬರುವವರೆಗೆ ನಾನೂ ಇಷ್ಟು ಬಿಚ್ಚಿ ಮಾತನಾಡಿರಲಿಲ್ಲ.

ಮಾಸ್ತರರೇ, ಪರಿಶೀಲನೆಯ ದಿನ ಮೂರು ಸಂಗತಿ ನೋಡಿ. ಅಡಿಪಾಯದ ತಳ ಬಂಡೆಯ ಮೇಲೆ ಕೂತಿದೆಯೋ ಮರಳು ಜಲ್ಲಿಯ ಮೇಲೋ. ಗೋಡೆಯ ಬದಿಗೆ ರೆಕ್ಕೆಗೋಡೆಗಳು ಪಟ್ಟಿಯಲ್ಲಿ ಇದ್ದಷ್ಟು ಉದ್ದ ಇವೆಯೋ ಇಲ್ಲವೋ. ಗೋಡೆಯ ಹಿಂಭಾಗಕ್ಕೆ ಕಲ್ಲು ತುಂಬಿದ್ದಾರೆಯೋ ಹಳ್ಳದ್ದೇ ಮಣ್ಣು ಎಳೆದು ಹಾಕಿದ್ದಾರೆಯೋ. ಅಳತೆಯನ್ನು ಅಲ್ಲೇ ಬರೆದು, ಅಲ್ಲೇ ಎಲ್ಲರ ಸಹಿ ತೆಗೆದುಕೊಳ್ಳಿ. ಕಚೇರಿಗೆ ಹೋಗಿ ಬರೆಯುತ್ತೇವೆ ಎಂದರೆ ಒಪ್ಪಬೇಡಿ. ಬಂದ ಸಹಾಯಕ ಎಂಜಿನಿಯರ್ ಹುಡುಗನೋ ಹುಡುಗಿಯೋ ಆಗಿದ್ದರೆ ದಯವಿಟ್ಟು ಎಲ್ಲರೂ ಸೇರಿ ಬೈದು ಹೆದರಿಸಬೇಡಿ. ಕೆಲಸ ಆಗುವಾಗ ಆ ಜಾಗದಲ್ಲಿ ಬೇರೆಯವರು ಇದ್ದಿರಬಹುದು.


ಮಾಸ್ತರ, ಶಿರಸಿ ಗ್ರಾಮಾಂತರ — ಜೂನ್ 3

ಐದು ವಾರದ ಮೇಲೆ ಬರೆಯುತ್ತಿದ್ದೇನೆ. ಕ್ಷಮಿಸಿ, ಇಪ್ಪತ್ತೊಂಬತ್ತನೆಯ ದಿನ ಉತ್ತರ ಬಂತು, ನಿನ್ನೆ ಸ್ಥಳ ಪರಿಶೀಲನೆ ನಡೆಯಿತು.

ಬಂದ ಸಹಾಯಕ ಎಂಜಿನಿಯರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಆರು ತಿಂಗಳ ಹಿಂದೆ ವರ್ಗವಾಗಿ ಬಂದವಳು. ಗುತ್ತಿಗೆದಾರರ ಕಡೆಯಿಂದ ಒಬ್ಬ ಮೇಸ್ತ್ರಿ ಬಂದಿದ್ದ. ಊರಿನವರು ಹದಿನಾಲ್ಕು ಜನ ಇದ್ದೆವು. ಯಾರೂ ದನಿ ಎತ್ತಲಿಲ್ಲ. ಆಕೆಯೇ ಹಳ್ಳಕ್ಕಿಳಿದು ಟೇಪು ಹಿಡಿದಳು.

ಅಳತೆ ಪುಸ್ತಕದಲ್ಲಿ ಆಳ 1.80 ಮೀಟರ್ ಎಂದು ಎರಡೂ ಕಡೆಗೆ ಬರೆದಿದೆ. ಆಚೆ ದಡದಲ್ಲಿ ಮೂಲೆ ತೆರೆದಿದ್ದರಿಂದ ಅಳೆಯುವುದು ಸುಲಭವಾಯಿತು: 0.95 ಮೀಟರ್. ಈಚೆ ದಡದಲ್ಲಿ ಹಾರೆಯಿಂದ ಅಗೆದು ನೋಡಿದೆವು, ಅಲ್ಲೂ 0.95. ತಳದಲ್ಲಿ ಬಂಡೆ ಇಲ್ಲ, ಉರುಟು ಕಲ್ಲು ಮತ್ತು ಮರಳು. 21.6 ಘನ ಮೀಟರ್ ಇರಬೇಕಾದಲ್ಲಿ 11.4 ಇದೆ. 10.2 ಘನ ಮೀಟರ್ ಕಾಂಕ್ರೀಟು ಪುಸ್ತಕದಲ್ಲಿ ಇದೆ, ಹಳ್ಳದಲ್ಲಿ ಇಲ್ಲ. ಎಂ-20 ಲೆಕ್ಕದಲ್ಲಿ ಅದು ಸುಮಾರು 80 ಚೀಲ ಸಿಮೆಂಟ್ ಎಂದು ಹಳಿಯಾಳದ ತಮ್ಮ ಫೋನಿನಲ್ಲಿ ಲೆಕ್ಕ ಹಾಕಿಕೊಟ್ಟ. ಕೆಳಹರಿವಿನ ರೆಕ್ಕೆಗೋಡೆ 3 ಮೀಟರ್ ಬದಲಿಗೆ 1.6. ಅಡಿಪಾಯ ಮುಚ್ಚುವ ಮೊದಲಿನ ಛಾಯಾಚಿತ್ರ ಕಡತದಲ್ಲಿ ಇಲ್ಲ. ಅವಧಿ ಕಡಿತದ ಟಿಪ್ಪಣಿಯಲ್ಲಿ ವಕೀಲರು ಹೇಳಿದ ಅದೇ ಒಂದು ಸಾಲು ಇದೆ.

ಎಂಜಿನಿಯರಮ್ಮ ಇಷ್ಟನ್ನೂ ಅಲ್ಲೇ ಕಲ್ಲಿನ ಮೇಲೆ ಕೂತು ಬರೆದು ಸಹಿ ಮಾಡಿದಳು. ಮೇಸ್ತ್ರಿಯೂ ಸಹಿ ಮಾಡಿದ. ಹೋಗುವಾಗ ಅವನು ನನ್ನ ಹತ್ತಿರ ಬಂದು, 'ಮಾಸ್ತರರೇ, ಮೂರು ಅಡಿಗೆ ನೀರು ಬಂತು, ಎತ್ತಲು ಪಂಪು ತರಿಸಿ ಎಂದು ಕೇಳಿದ್ದೆ, ತರಿಸಲಿಲ್ಲ' ಎಂದ. ಅವನ ಕಣ್ಣಲ್ಲಿ ನೀರಿತ್ತು. ಅವನ ಮಗಳೂ ನಮ್ಮ ತಾಲ್ಲೂಕಿನ ಶಾಲೆಯಲ್ಲೇ ಓದುತ್ತಾಳಂತೆ.

ದೋಷ ಹೊಣೆಗಾರಿಕೆ 24 ತಿಂಗಳು, ಅಂದರೆ ಇನ್ನೂ ಒಂದು ವರ್ಷ ಬಾಕಿ ಇದೆ. ಗುತ್ತಿಗೆದಾರರ ಖರ್ಚಿನಲ್ಲೇ ಎರಡೂ ಗೋಡೆ ಒಡೆದು ಕಟ್ಟಿಸಲು ನೋಟಿಸು ಕೊಡುತ್ತೇವೆ ಎಂದು ಲಿಖಿತವಾಗಿ ಕೊಟ್ಟಿದ್ದಾರೆ. ಕೆಲಸ ಡಿಸೆಂಬರಿನಲ್ಲಿ. ಅಡಿಪಾಯ ಅಗೆದ ದಿನ ಕಾಂಕ್ರೀಟು ಹಾಕುವ ಮೊದಲು ಊರಿನ ಇಬ್ಬರ ಎದುರಿನಲ್ಲಿ ಆಳ ಅಳೆದು ಚಿತ್ರ ತೆಗೆಯಬೇಕೆಂದು ಅದೇ ಕಾಗದದಲ್ಲಿ ಸೇರಿಸಿಸಿದ್ದೇನೆ. ಅರ್ಜಿಯ ನಮೂನೆಯನ್ನು ಇಲ್ಲಿ ಹಾಕುತ್ತೇನೆ, ಬೇರೆ ಊರಿನವರು ಹೆಸರು ಬದಲಿಸಿಕೊಂಡು ಬಳಸಬಹುದು.

ವಾಲಿದ ಸಂಕದ ಮೇಲೆ ಈ ಮಳೆಗಾಲ ಮಕ್ಕಳನ್ನು ಬಿಡಲು ನನಗೆ ಧೈರ್ಯ ಇಲ್ಲ. ಎರಡೂ ತುದಿಗೆ ಬೇಲಿ ಕಟ್ಟಿದ್ದೇವೆ. ನಾಳೆ ಬೆಳಿಗ್ಗೆ ಏಳು ಗಂಟೆಗೆ ಮೇಲಿನ ತೋಟದಲ್ಲಿ ಫಸಲು ನಿಂತ ನಾಲ್ಕು ಅಡಿಕೆ ಮರ ಕಡಿದು ಹಳೆಯ ಜಾಗದಲ್ಲೇ ಸಂಕ ಹಾಕುತ್ತೇವೆ. ಹತ್ತಿರದವರು ಬರುವುದಾದರೆ ಕತ್ತಿ ಮತ್ತು ಹಗ್ಗ ತನ್ನಿ. ಹಿಡಿದುಕೊಳ್ಳಲು ನಮ್ಮಲ್ಲಿರುವ ಬಿದಿರು ಸಾಲದು, ಇನ್ನೂ ಎಂಟು ಹತ್ತು ಗಳ ಬೇಕು.